ಗಂಡನ ಮನೆತನದ ಹೆಸರು ವಾಕರ್. ಇದು ಬಂದದ್ದು ಎಲ್ಲಿಂದ?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಹತ್ತಿರ ಇದ್ದೇನೆ. ಗಂಡನ ಮನೆತನದ ಹೆಸರು ವಾಕರ್, ನನ್ನ ತವರಿನ ಅಡ್ಡಹೆಸರು ಬಡಿಗೇರ. ಒಂಬತ್ತು ವರ್ಷದ ಮಗನಿಗೆ ಎರಡನ್ನೂ ಇಟ್ಟಿದ್ದೇವೆ. ಶಾಲೆಯಲ್ಲಿ ಮನೆತನದ ಹೆಸರಿನ ಕಥೆ ಬರೆದು ತರಲು ಹೇಳಿದ್ದಾರೆ. ಬಡಿಗೇರ ಅಂದರೆ ಏನು ಅಂತ ನಾನೇ ಹೇಳಿಕೊಟ್ಟೆ. ವಾಕರ್ ವಿಷಯ ಬಂದಾಗ ಮಾತ್ರ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮಾವ "ನಮ್ಮ ಹಿರಿಯರು ರಾಜನ ಕಾಡು ಕಾಯುತ್ತಿದ್ದರು" ಅನ್ನುತ್ತಾರೆ. ಯಾವುದೋ ಮೇಳದಲ್ಲಿ ಕೊಂಡ "ವಾಕರ್ ವಂಶದ ಲಾಂಛನ" ಗೋಡೆಯ ಮೇಲಿದೆ. ಅತ್ತೆಯ ತಂಗಿ "ಅದು ಉಚ್ಚೆಯಲ್ಲಿ ಬಟ್ಟೆ ತುಳಿಯುವವರ ಹೆಸರು" ಅಂದುಬಿಟ್ಟರು. ಮಾವ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಇತ್ತ ಅವ್ವ ಫೋನಿನಲ್ಲಿ "ನಡೆಯೋರು ಅಂದ್ರ ಅಲೆಮಾರಿ ಮಂದಿ ಏನವಾ?" ಅಂತ ಕೇಳಿದಳು. ಡಿಎನ್‌ಎ ಪರೀಕ್ಷೆ ಮಾಡಿಸಿ ಇದನ್ನು ಒಂದೇ ಸಲಕ್ಕೆ ಮುಗಿಸೋಣ ಅಂತ ಗಂಡ ಹೇಳುತ್ತಿದ್ದಾರೆ. ಯಾರ ಮಾತು ನಿಜ? ಪರೀಕ್ಷೆ ಮಾಡಿಸಬಹುದೇ?

ಉತ್ತರ: ನಿಮ್ಮ ಅತ್ತೆಯ ತಂಗಿ ಹೇಳಿದ್ದು ಹೆಚ್ಚುಕಡಿಮೆ ಸರಿ. ಆದರೆ ಅದಕ್ಕೆ ನಿಮ್ಮ ಮಾವ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಆ ಕೆಲಸ ಏನು, ಹೇಗಿತ್ತು ಅಂತ ಗೊತ್ತಾದರೆ ಅವರೇ ಮೊಮ್ಮಗನನ್ನು ಕೂರಿಸಿಕೊಂಡು ಹೇಳಿಕೊಟ್ಟಾರು. ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನ ಉತ್ತರ ಭಾಗದ ಕುಟುಂಬಗಳ ಹಳೆಯ ದಾಖಲೆ ಹುಡುಕುವ ಕೆಲಸ ಮಾಡುತ್ತಿದ್ದೇನೆ. ವಾಕರ್ ಮನೆತನದವರು ನನ್ನ ಹತ್ತಿರ ಬಂದಷ್ಟು ಬೇರೆ ಹೆಸರಿನವರು ಬಂದಿರಲಿಕ್ಕಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಜನ ಕಾಡಿನ ಕಥೆಯನ್ನೇ ಹೇಳುತ್ತಾರೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ವಾಕರ್ ಅನ್ನುವ ಪದ ಎಲ್ಲಿಂದ ಬಂತು ಅನ್ನೋದು ಒಂದು. ನಿಮ್ಮ ಗಂಡನ ಮನೆಯವರು ಎಲ್ಲಿಂದ ಬಂದರು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಇದೆ, ಸಾಕಷ್ಟು ಗಟ್ಟಿಯಾಗೇ ಇದೆ. ಎರಡನೆಯದಕ್ಕೆ ನೀವೇ ಹುಡುಕಬೇಕು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಹಚ್ಚಿದರೆ ತಪ್ಪಾಗುತ್ತದೆ. ಬೇರೆ ಬೇರೆಯಾಗಿಯೇ ನೋಡೋಣ.

ವಾಕರ್ ಅಂದ ಕೂಡಲೇ ನಡೆಯುವವನು ಅಂತ ಅನಿಸುವುದು ಸಹಜ. ನಮ್ಮ ಕಡೆ ಈ ಹೆಸರು ಮೊದಲು ಕಿವಿಗೆ ಬಿದ್ದದ್ದೇ ವಿಸ್ಕಿ ಬಾಟಲಿಯಿಂದ ಅಲ್ವಾ? ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಊರಿನಲ್ಲಿ 1820ರಲ್ಲಿ ಕಿರಾಣಿ ಅಂಗಡಿ ಇಟ್ಟ ಜಾನ್ ವಾಕರ್ ಅನ್ನುವವರ ಹೆಸರು ಅದು. ಟೋಪಿ ಹಾಕಿ ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯನ ಚಿತ್ರ ಬಾಟಲಿಗೆ ಬಂದದ್ದು 1908ರಲ್ಲಿ. ಜಾಹೀರಾತಿಗೆ ಆ ಚಿತ್ರ ಚೆನ್ನಾಗಿ ಹೊಂದಿತು, ಹೆಸರಿನ ನಿಜವಾದ ಅರ್ಥ ಅದರ ಹಿಂದೆ ಮರೆಯಾಯಿತು.

ಹಳೆಯ ಇಂಗ್ಲಿಷಿನಲ್ಲಿ "ವೆಅಲ್ಕನ್" ಅಂತ ಒಂದು ಕ್ರಿಯಾಪದ ಇತ್ತು. ಉರುಳಿಸು, ಹೊರಳಾಡಿಸು ಅಂತ ಅದರ ಅರ್ಥ. ಕಡಲಿನ ಅಲೆ ಹೊರಳುವುದಕ್ಕೂ ಇದೇ ಮಾತು. ಬಟ್ಟೆಯನ್ನು ನೀರಿನಲ್ಲಿ ಹಾಕಿ ಕಾಲಿನಿಂದ ತುಳಿದು ಹೊರಳಾಡಿಸುವವನು "ವೆಅಲ್ಕೆರೆ". ಜರ್ಮನ್ ಭಾಷೆಯಲ್ಲಿ "ವಾಲ್ಕೆನ್" ಅಂದರೆ ಈಗಲೂ ಉಣ್ಣೆ ಬಟ್ಟೆ ತುಳಿದು ಹದ ಮಾಡುವುದು. ಇಂಗ್ಲಿಷಿನಲ್ಲಿ ಮಾತ್ರ ಆ ಪದ ಮುಂದೆ ಬೇರೆ ದಾರಿ ಹಿಡಿಯಿತು, ಸುಮ್ಮನೆ ಕಾಲು ಹಾಕಿ ನಡೆಯುವುದಕ್ಕೆ ನಿಂತುಬಿಟ್ಟಿತು. ಕಸುಬಿನ ಹೆಸರು ಹಳೆಯ ಅರ್ಥವನ್ನು ಹಾಗೇ ಹಿಡಿದುಕೊಂಡು ಉಳಿಯಿತು. ಅವ್ವನಿಗೆ ಹೇಳಿ, ಅಲೆಮಾರಿಗಳಲ್ಲ. ಒಂದೇ ಜಾಗದಲ್ಲಿ ನಿಂತು ದಿನವಿಡೀ ಕಾಲಾಡಿಸಿದ ಜನ.

ಬಟ್ಟೆ ಯಾಕೆ ತುಳಿಯಬೇಕು? ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಹಿಡಿಯಿರಿ. ಹಾಸು ಹೊಕ್ಕು ಎಳೆಗಳ ನಡುವೆ ಬೆಳಕು ತೂರಿ ಬರುತ್ತದೆ. ಮುಟ್ಟಿದರೆ ಒರಟು. ಕುರಿಯ ಮೈಯ ಜಿಡ್ಡು, ನೂಲುವಾಗ ಸವರಿದ ಎಣ್ಣೆ ಎರಡೂ ಅದರಲ್ಲೇ ಇರುತ್ತವೆ. ಅದನ್ನು ಹೊದ್ದರೆ ಗಾಳಿಯೂ ಒಳಗೆ, ಮಳೆಯೂ ಒಳಗೆ. ನಿಮ್ಮ ಹಡರ್ಸ್‌ಫೀಲ್ಡ್ ಇರುವ ಯಾರ್ಕ್‌ಷೈರಿನ ಚಳಿಗೆ ಅದು ಯಾವ ಮೂಲೆಗೂ ಸಾಲದು.

ಹಾಗಾಗಿ ಬಟ್ಟೆಯನ್ನು ತೊಟ್ಟಿಗೆ ಹಾಕುತ್ತಿದ್ದರು. ಜಿಡ್ಡು ಬಿಡಿಸಲು ಹಳಸಿದ ಮೂತ್ರ. ಹಳಸಿದಾಗ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಎಣ್ಣೆಯ ಜೊತೆ ಸೇರಿ ಸಾಬೂನಿನ ಕೆಲಸ ಮಾಡುತ್ತದೆ. ಸಾಬೂನು ದುಬಾರಿಯಾಗಿದ್ದ ಕಾಲದಲ್ಲಿ ಇದಕ್ಕಿಂತ ಅಗ್ಗದ್ದು ಬೇರೆ ಇರಲಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ಇದಕ್ಕೆ "ಲ್ಯಾಂಟ್" ಅನ್ನುತ್ತಿದ್ದರು. ಮನೆಮನೆಯಿಂದ ಸಂಗ್ರಹಿಸಿ ತರುತ್ತಿದ್ದರು. ಅದರ ಜೊತೆಗೆ ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು. ಈ ಮಣ್ಣು ನಿಮಗೂ ಗೊತ್ತು. ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯೇ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಇವತ್ತಿಗೂ "ಫುಲ್ಲರ್ಸ್ ಅರ್ತ್" ಅಂತಲೇ ಹೆಸರು. ಫುಲ್ಲರ್ ಅಂದರೆ ಬಟ್ಟೆ ತುಳಿಯುವವನು. ನಿಮ್ಮ ಗಂಡನ ಹೆಸರೂ ಧಾರವಾಡದ ಅಂಗಡಿಯಲ್ಲಿ ಸಿಗುವ ಆ ಪೊಟ್ಟಣದ ಇಂಗ್ಲಿಷ್ ಹೆಸರೂ ಒಂದೇ ತೊಟ್ಟಿಯಿಂದ ಎದ್ದು ಬಂದವು.

ಮೇಲೆ ನೀರು ಹಾಕಿ, ಉಟ್ಟದ್ದನ್ನು ಮೊಣಕಾಲು ತನಕ ಎತ್ತಿಕಟ್ಟಿ, ಬರಿಗಾಲಲ್ಲಿ ತುಳಿಯುವುದು. ಮಡಕೆಗೋ ಗೋಡೆಗೋ ಮಣ್ಣು ತುಳಿಯುವುದನ್ನು ನೀವು ಊರಲ್ಲಿ ನೋಡಿದ್ದರೆ ಆ ಕಾಲಿನ ಲಯ ಗೊತ್ತಿರುತ್ತದೆ. ಉಣ್ಣೆಯ ಪ್ರತಿ ಕೂದಲಿನ ಮೈಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ನೀರು, ಬಿಸಿ, ತಿಕ್ಕಾಟ ಮೂರೂ ಸೇರಿದಾಗ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಮ್ಮೆ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲ. ಬಟ್ಟೆಯ ಅಗಲ ಮೂರನೇ ಒಂದು ಪಾಲು, ಕೆಲವು ಸಲ ಅದಕ್ಕಿಂತ ಜಾಸ್ತಿಯೇ ಕುಗ್ಗುತ್ತದೆ. ಎಳೆಗಳ ನಡುವಿನ ಕಿಂಡಿ ಮುಚ್ಚಿ ಬಟ್ಟೆ ದಪ್ಪ ಆಗುತ್ತದೆ, ಬೆಚ್ಚಗಾಗುತ್ತದೆ, ಮಳೆಯನ್ನೂ ತಡೆಯುತ್ತದೆ. ಆಮೇಲೆ ಒದ್ದೆ ಬಟ್ಟೆಯನ್ನು ಬಯಲಿನಲ್ಲಿ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಎಳೆದು ಬಿಗಿಯುತ್ತಿದ್ದರು, ಒಣಗುವಾಗ ಅಂಕುಡೊಂಕು ಆಗದಿರಲಿ ಅಂತ. ಇಂಗ್ಲಿಷಿನಲ್ಲಿ ತುದಿಗಾಲಲ್ಲಿ ಕಾಯುವವರನ್ನು "ಆನ್ ಟೆಂಟರ್‌ಹುಕ್ಸ್" ಅನ್ನುತ್ತಾರಲ್ಲ, ಟೆಂಟರ್‌ಹುಕ್ ಅಂದರೆ ಇದೇ ಕೊಕ್ಕೆ.

ಇಲ್ಲಿ ತಪ್ಪಿದರೆ ತಿಂಗಳುಗಟ್ಟಲೆ ಕುರಿಯ ಉಣ್ಣೆ ಕತ್ತರಿಸಿದವರ, ಹಿಂಜಿದವರ, ನೂತವರ, ನೇಯ್ದವರ ದುಡಿಮೆಯೆಲ್ಲ ನೀರುಪಾಲು. ಜಾಸ್ತಿ ತುಳಿದರೆ ಬಟ್ಟೆ ಹಲಗೆಯಂತೆ ಗಡುಸು, ಕಡಿಮೆ ತುಳಿದರೆ ಜೋಲು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಾಲಿಗೆ ಗೊತ್ತಿರಬೇಕು. ಇದನ್ನು ಕೀಳು ಕೆಲಸ ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ಎಕ್ಸೆಟರ್ ನಗರದಲ್ಲಿ ನೇಕಾರರು, ಬಟ್ಟೆ ತುಳಿಯುವವರು, ಬಟ್ಟೆಯ ಜುಂಗು ಕತ್ತರಿಸುವವರು ಸೇರಿ 1471ರಲ್ಲಿ ಕಟ್ಟಿಸಿದ ಕಟ್ಟಡ ಇವತ್ತಿಗೂ ನಿಂತಿದೆ. ಅದರ ಹೆಸರು ಟಕರ್ಸ್ ಹಾಲ್.

ಟಕರ್ ಅಂದರೂ ಇದೇ ಕಸುಬು. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗವೇ ಇದು. ಒಂದೇ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಮೂರು ಹೆಸರಿದ್ದವು. ಡೆವನ್, ಸಾಮರ್ಸೆಟ್, ಅಂದರೆ ನೈಋತ್ಯದ ಕಡೆ ಟಕರ್. ಲಂಡನ್ನಿನ ಸುತ್ತಮುತ್ತ, ಆಗ್ನೇಯ ಮತ್ತು ಪೂರ್ವದ ಕಡೆ ಫುಲ್ಲರ್. ಉತ್ತರದಲ್ಲಿ, ನಡುನಾಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ ವಾಕರ್. ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಇರುವ ಹಾಗೇ ಸೀಮೆಯ ವ್ಯತ್ಯಾಸ. ಆಗ ಆಡುಮಾತಿನಲ್ಲಿ ಇದ್ದ ಗಡಿಗಳು ಈಗಲೂ ಹೆಸರುಗಳಲ್ಲಿ ಮಸುಕಾಗಿ ಕಾಣುತ್ತವೆ. 1380ರ ದಶಕದಲ್ಲಿ ಜಾನ್ ವಿಕ್ಲಿಫ್ ಮತ್ತು ಅವರ ಬಳಗದವರು ಬೈಬಲನ್ನು ಇಂಗ್ಲಿಷಿಗೆ ತಂದಾಗ ಮಾರ್ಕನ ಸುವಾರ್ತೆಯ ಒಂದು ಕಡೆ "ಬಟ್ಟೆ ಬೆಳ್ಳಗೆ ಮಾಡುವ ಫುಲ್ಲರ್" ಬರುತ್ತಾನೆ. ಓದುವವರಿಗೆಲ್ಲ ತಿಳಿಯಲಿ ಅಂತ ಅಲ್ಲಿ "ಫುಲ್ಲರ್ ಅಥವಾ ಬಟ್ಟೆಯ ವಾಕರ್" ಅಂತ ಎರಡನ್ನೂ ಬರೆದಿದ್ದಾರೆ. ವಾಕರ್ ಪದಕ್ಕೆ ಆ ಕಾಲದಲ್ಲಿ ಏನರ್ಥ ಇತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಉಣ್ಣೆ ಬಟ್ಟೆಯ ಕೆಲಸದಿಂದ ಇನ್ನೂ ಎಷ್ಟೋ ಮನೆತನದ ಹೆಸರು ಹುಟ್ಟಿವೆ. ವೆಬ್, ವೆಬ್‌ಸ್ಟರ್, ವೀವರ್ ಮೂರೂ ನೇಕಾರರು. ಡೈಯರ್ ಮತ್ತು ಲಿಸ್ಟರ್ ಬಣ್ಣ ಹಾಕುವವರು. ಶರ್ಮನ್ ಅಂದರೆ ಬಟ್ಟೆಯ ಜುಂಗು ಕತ್ತರಿಸುವವನು. ನಿಮ್ಮ ಬೀದಿಯ ಟಪಾಲು ಪೆಟ್ಟಿಗೆಗಳ ಮೇಲಿನ ಹೆಸರುಗಳನ್ನೇ ಓದುತ್ತ ಹೋದರೂ ಹಳೆಯ ಉಣ್ಣೆ ಪೇಟೆಯಲ್ಲಿ ಒಂದು ಸುತ್ತು ಹಾಕಿದ ಹಾಗೆ ಆಗುತ್ತದೆ.

ಈಗ ಕಾಡಿನ ಕಥೆ. ಮಾವನವರು ಅದನ್ನು ಗಾಳಿಯಿಂದ ಹಿಡಿದು ತಂದಿಲ್ಲ. ಕಾಡಿನ ಒಂದೊಂದು ಭಾಗಕ್ಕೆ "ವಾಕ್" ಅನ್ನುವ ಮಾತಿತ್ತು. ಅದನ್ನು ಸುತ್ತಿ ಕಾಯುವವನನ್ನು ವಾಕರ್ ಅಂತ ಕರೆದದ್ದೂ ಉಂಟು. ಆದರೆ ಮನೆತನದ ಹೆಸರುಗಳು ಹುಟ್ಟಿ ಗಟ್ಟಿಯಾದ 13, 14ನೇ ಶತಮಾನದಲ್ಲಿ ಈ ಪದ ಬಟ್ಟೆಯ ಜೊತೆಗೇ ಕಾಣಿಸುತ್ತದೆ. ಕಾಡು ಕಾಯುವವರಿಂದ ಬಂದ ಹೆಸರು ಬೇರೆಯೇ ಇವೆ: ಫಾರೆಸ್ಟರ್, ಫಾಸ್ಟರ್, ಪಾರ್ಕರ್. ಮತ್ತೆ, ಉಣ್ಣೆ ಉದ್ಯಮ ಬೆಳೆದ ಯಾರ್ಕ್‌ಷೈರ್ ಕಡೆಯಲ್ಲೇ ವಾಕರ್‌ಗಳು ಇಷ್ಟು ದಟ್ಟವಾಗಿ ಇರುವುದಕ್ಕೂ ಕಾಡಿನ ಕಥೆಯಲ್ಲಿ ಉತ್ತರವಿಲ್ಲ.

ಈ ಹೆಸರು ವಂಶಕ್ಕೆ ಅಂಟಿದ್ದು ಹೇಗೆ? ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಮೊದಲು ಜಮೀನ್ದಾರರಿಗೆ ತಂದೆಯಿಂದ ಮಗನಿಗೆ ಬರುವ ಹೆಸರು ಶುರುವಾಯಿತು. ಆಸ್ತಿ ಯಾರದು ಅಂತ ತೋರಿಸಲು ಅದು ಬೇಕಿತ್ತು. ಸಾಮಾನ್ಯ ಜನಕ್ಕೆ ಅದು ನಿಧಾನಕ್ಕೆ ಇಳಿಯಿತು, ಉತ್ತರದಲ್ಲಿ ಇನ್ನೂ ನಿಧಾನ. 1379ರ ತಲೆಗಂದಾಯದ ಪಟ್ಟಿ ನಿಮ್ಮ ವೆಸ್ಟ್ ರೈಡಿಂಗ್ ಸೀಮೆಗೆ, ಅಂದರೆ ಯಾರ್ಕ್‌ಷೈರಿನ ಪಶ್ಚಿಮ ಭಾಗಕ್ಕೆ, ಚೆನ್ನಾಗಿ ಉಳಿದಿದೆ. ಸಾಮಾನ್ಯರಿಗೆ 4 ಪೆನ್ನಿ, ಕಸುಬುದಾರರಿಗೆ 6 ಪೆನ್ನಿ ಅಥವಾ ಅದಕ್ಕಿಂತ ಹೆಚ್ಚು. ಹಾಗಾಗಿ ಕೆಲವರ ಹೆಸರಿನ ಮುಂದೆ ಕಸುಬನ್ನೂ ಬರೆದಿದ್ದಾರೆ. ಆ ಪಟ್ಟಿ ಓದುವಾಗ ಒಂದು ವಿಷಯ ಗಮನಿಸಬೇಕು. ಒಬ್ಬ ವಾಕರ್‌ನ ಮುಂದೆ ಬೇರೆ ಕಸುಬು ಬರೆದಿದ್ದರೆ, ಆ ಮನೆಯಲ್ಲಿ ಹೆಸರು ಆಗಲೇ ಕೆಲಸದಿಂದ ಕಳಚಿಕೊಂಡು ವಂಶದ ಹೆಸರಾಗಿದೆ ಅಂತ ಅರ್ಥ. ಲ್ಯಾಟಿನ್ ಬರೆಯುತ್ತಿದ್ದ ಗುಮಾಸ್ತರು "ಫುಲ್ಲೊ" ಅಂತ ಬರೆದಿದ್ದರೆ ಇನ್ನೊಂದು ತೊಡಕು. ಊರಿನವರ ಬಾಯಲ್ಲಿ ಆತ ವಾಕರ್ ಆಗಿರಬಹುದು, ಕಾಗದದಲ್ಲಿ ಮಾತ್ರ ಫುಲ್ಲೊ.

ಕಾಲಿನಿಂದ ತುಳಿಯುವ ಕೆಲಸ ಅಷ್ಟರಲ್ಲೇ ಯಂತ್ರಕ್ಕೆ ಹೋಗುತ್ತಿತ್ತು ಅನ್ನುವುದನ್ನೂ ಮಗನಿಗೆ ಹೇಳಿ. ನೀರಿನ ಚಕ್ರ ತಿರುಗಿ ಮರದ ದೊಡ್ಡ ಕೊಡತಿಗಳನ್ನು ಎತ್ತಿ ಬಟ್ಟೆಯ ಮೇಲೆ ಬೀಳಿಸುವ ಗಿರಣಿಗಳು ಬಂದಿದ್ದವು. ಟೆಂಪ್ಲರ್ ಅನ್ನುವ ಕ್ರೈಸ್ತ ಯೋಧರ ಸಂಘ 1185ರಲ್ಲಿ ತನ್ನ ಆಸ್ತಿಗಳ ಲೆಕ್ಕ ಬರೆಸಿತು. ಲೀಡ್ಸ್ ಹತ್ತಿರದ ನ್ಯೂಸಮ್‌ನಲ್ಲಿ ಇಂಥ ಗಿರಣಿ ಇದ್ದದ್ದು ಅದರಲ್ಲಿದೆ. ಈಗ ಆ ಜಾಗದ ಹೆಸರು ಟೆಂಪಲ್ ನ್ಯೂಸಮ್, ನಿಮ್ಮ ಮನೆಯಿಂದ ಬಹಳ ದೂರವೇನಲ್ಲ. ಗಿರಣಿಗಳಲ್ಲಿ ಕಾಲಿಗೆ ಕೆಲಸವೇ ಇರಲಿಲ್ಲ. ಆದರೂ ಉತ್ತರದ ಜನ ಅದನ್ನು "ವಾಕ್ ಮಿಲ್" ಅಂತಲೇ ಕರೆದರು. ಅದನ್ನು ನಡೆಸುವವನೂ ವಾಕರ್. ನಿಮ್ಮ ಸುತ್ತಲಿನ ಕೋನ್, ಹೋಮ್ ಕಣಿವೆಗಳ ತೊರೆಗಳ ಮೇಲೆ ಇಂಥ ಗಿರಣಿಗಳು ಶತಮಾನಗಟ್ಟಲೆ ಬಡಿದಿವೆ. ವೇಲ್ಸ್‌ನವರು ಇದಕ್ಕೆ "ಪಂಡಿ" ಅನ್ನುತ್ತಾರೆ. ಟೋನಿಪಂಡಿ ಅನ್ನುವ ಊರಿನ ಹೆಸರಿನ ಕೊನೆಯಲ್ಲಿ ಇರುವುದು ಅದೇ.

ನಿಮ್ಮ ಅವ್ವನಿಗೆ ಒಂದು ಮಾತು ಬಿಡಿಸಿ ಹೇಳಬೇಕಾಗಬಹುದು. ನಮ್ಮಲ್ಲಿ ಬಡಿಗೇರ, ಕಂಬಾರ, ಪತ್ತಾರ ಅಂದಾಗ ಕಸುಬಿನ ಜೊತೆ ಜಾತಿ, ನೆಂಟಸ್ತಿಕೆ ಎಲ್ಲ ನೆನಪಿಗೆ ಬರುತ್ತವೆ. ಇಂಗ್ಲೆಂಡಿನಲ್ಲಿ ಮೇಲು ಕೀಳು ಇರಲಿಲ್ಲ ಅಂತಲ್ಲ, ಬೇಕಾದಷ್ಟು ಇತ್ತು. ಆದರೆ ಕಸುಬಿನ ಹೆಸರು ಯಾರನ್ನೂ ಆ ಕಸುಬಿಗೆ ಕಟ್ಟಿಹಾಕಲಿಲ್ಲ. ವಾಕರ್‌ನ ಮಗ ಕಮ್ಮಾರನಾದ, ಮೊಮ್ಮಗ ಪಾದ್ರಿಯಾದ, ಮದುವೆ ಬೇಕರ್ ಮನೆಯಲ್ಲೋ ಟೇಲರ್ ಮನೆಯಲ್ಲೋ ಆಯಿತು. ಹೆಸರು ಮಾತ್ರ ಮೊದಲ ಮನುಷ್ಯನ ಕಾಲಿನ ಗುರುತಾಗಿ ಉಳಿಯಿತು. ಅದಕ್ಕೇ ವಾಕರ್ ಅನ್ನುವುದು ಒಂದು ಕುಲ ಅಲ್ಲ. ಉತ್ತರದ ಎಷ್ಟೋ ಊರುಗಳಲ್ಲಿ ಬಟ್ಟೆ ತುಳಿಯುವವರಿದ್ದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅವರೆಲ್ಲರ ಮನೆಗಳಿಗೂ ಅದೇ ಹೆಸರು ಬಿತ್ತು.

ಇನ್ನೂ ಕೆಲವು ದಾರಿಗಳಿಂದ ಈ ಹೆಸರು ಬಂದಿದೆ. ನ್ಯೂಕಾಸಲ್‌ನಲ್ಲಿ ವಾಕರ್ ಅನ್ನುವ ಜಾಗವೇ ಇದೆ, ರೋಮನ್ ಗೋಡೆಯ ಪಕ್ಕದ ಜೌಗು ಅಂತ ಅದರ ಅರ್ಥ. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಗೇಲಿಕ್ ಮಾತಾಡುತ್ತಿದ್ದ "ಬಟ್ಟೆ ತುಳಿಯುವವನ ಮಗ" ಅನ್ನುವ ಹೆಸರಿನವರು ಇಂಗ್ಲಿಷಿಗೆ ಬಂದಾಗ ವಾಕರ್ ಆದರು. ಅಮೆರಿಕದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರ ಎಷ್ಟೋ ಮನೆಗಳಿಗೆ ಒಡೆಯರ ಇಂಗ್ಲಿಷ್ ಹೆಸರುಗಳು ಬಂದಿವೆ, ವಾಕರ್ ಕೂಡ. ದತ್ತು ಹೋದ ಮಕ್ಕಳು, ತಾಯಿಯ ಹೆಸರಿನಲ್ಲೇ ಬೆಳೆದ ಮಕ್ಕಳು ಬೇರೆ. ಆದ್ದರಿಂದ ಮಗ ಬರೆಯುವಾಗ "ವಾಕರ್ ಅನ್ನುವ ಹೆಸರು ಬಟ್ಟೆ ತುಳಿಯುವವರಿಂದ ಬಂತು" ಅಂತ ಬರೆಯಲಿ, ಅದು ಸರಿ. "ನನ್ನ ಮುತ್ತಾತ ಬಟ್ಟೆ ತುಳಿಯುತ್ತಿದ್ದ" ಅಂತ ಬರೆಯುವುದು ಈಗಲೇ ಬೇಡ.

ಗೋಡೆಯ ಲಾಂಛನದ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಒಂದು ಅಡ್ಡಹೆಸರಿಗೆ ಅಂತ ಲಾಂಛನ ಇಲ್ಲ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಅವನಿಂದ ನೇರವಾಗಿ ಇಳಿದು ಬಂದ ವಂಶದವರಿಗೆ ಮಾತ್ರ ಅದರ ಹಕ್ಕು. ಇದರ ದಾಖಲೆ ಇಟ್ಟುಕೊಳ್ಳುವ ಕಾಲೇಜ್ ಆಫ್ ಆರ್ಮ್ಸ್ 1484ರಿಂದ ಇದೆ. ಮೇಳದಲ್ಲಿ ಮಾರುವವರು ಎಂದೋ ಯಾವನೋ ಒಬ್ಬ ವಾಕರ್‌ಗೆ ಕೊಟ್ಟ ಲಾಂಛನವನ್ನು ತೆಗೆದು ಎಲ್ಲ ವಾಕರ್‌ಗಳಿಗೂ ಮಾರುತ್ತಾರೆ. ಹೊಸದಾಗಿ ಇಂಥದ್ದಕ್ಕೆ ದುಡ್ಡು ಹಾಕಬೇಡಿ. ಹಾಗಂತ ಮಾವನವರ ಕೈಯಿಂದ ಅದನ್ನು ಇಳಿಸುವುದೂ ಬೇಡ. ಅವರು ಪ್ರೀತಿಯಿಂದ ತಂದು ಹಾಕಿದ್ದಾರೆ, ಇರಲಿ. ಶಾಲೆಯ ಬರಹದಲ್ಲಿ ಮಾತ್ರ ಅದನ್ನು ಸೇರಿಸಬೇಡಿ.

ಡಿಎನ್‌ಎ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ದುಡ್ಡಿಗಿಂತ ದೊಡ್ಡ ವಿಷಯ ಅದರಲ್ಲಿದೆ. ತಂದೆಯಿಂದ ಮಗನಿಗೆ ಮಾತ್ರ ಹೋಗುವ, ವೈ ಕ್ರೋಮೋಸೋಮ್ ಅನ್ನುವ ಡಿಎನ್‌ಎ ಭಾಗ ಇಂಗ್ಲಿಷ್ ಮನೆತನದ ಹೆಸರಿನ ದಾರಿಯಲ್ಲೇ ಸಾಗುತ್ತದೆ. ಅದಕ್ಕೇ ವಿಜ್ಞಾನಿಗಳಿಗೆ ಹೆಸರುಗಳ ಮೇಲೆ ಆಸಕ್ತಿ ಹುಟ್ಟಿತು. 2000ದಲ್ಲಿ ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ತಮ್ಮದೇ ಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಒಂದೇ ಗುರುತು ಸಿಕ್ಕಿತು. ಸೈಕ್ಸ್ ಕೂಡ ಯಾರ್ಕ್‌ಷೈರಿನ ಹೆಸರೇ, ಸಣ್ಣ ತೊರೆ ಅನ್ನುವ ಪದದಿಂದ ಬಂದದ್ದು. ಆಮೇಲೆ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಹೆಸರುಗಳನ್ನು ತೆಗೆದುಕೊಂಡು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಟೆನ್‌ಬರೋ ತರಹದ ಅಪರೂಪದ ಹೆಸರಿನವರು ಬಹುತೇಕ ಒಂದೇ ಮೂಲಪುರುಷನ ಕಡೆಗೆ ಹೋಗುತ್ತಾರೆ. ಸ್ಮಿತ್ ತರಹದ ಎಲ್ಲೆಡೆ ಇರುವ ಹೆಸರಿನವರಲ್ಲಿ ದಾರಿಹೋಕರ ನಡುವೆ ಇರುವುದಕ್ಕಿಂತ ಹೆಚ್ಚಿನ ಸಂಬಂಧವೇನೂ ಕಾಣಲಿಲ್ಲ.

ವಾಕರ್ ಇಂಗ್ಲೆಂಡಿನ ತೀರಾ ಸಾಮಾನ್ಯ ಹೆಸರುಗಳಲ್ಲಿ ಒಂದು. ಹಾಗಾಗಿ ಪರೀಕ್ಷೆಯಿಂದ ಹೆಸರಿನ ಮೂಲ ಇತ್ಯರ್ಥ ಆಗುವುದಿಲ್ಲ. ನಿಮ್ಮ ಗಂಡನ ಹಿರಿಯ ಕಾಡು ಕಾಯ್ದನೋ ಬಟ್ಟೆ ತುಳಿದನೋ ಅಂತ ರಕ್ತದಲ್ಲಾಗಲಿ ಉಗುಳಿನಲ್ಲಾಗಲಿ ಬರೆದಿಲ್ಲ. ಎರಡು ವಾಕರ್ ಮನೆಗಳು ನೆಂಟರೇ ಅಂತ ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ, ಅಷ್ಟೆ. ಅದಕ್ಕೂ ಎರಡೂ ಮನೆಯ ಗಂಡಸರು ಪರೀಕ್ಷೆಗೆ ಒಪ್ಪಬೇಕು.

ನನ್ನ ಹತ್ತಿರ ಒಮ್ಮೆ ಎಪ್ಪತ್ತು ದಾಟಿದ ಒಬ್ಬರು ಬಂದಿದ್ದರು. ಮೊಮ್ಮಕ್ಕಳು ಹುಟ್ಟುಹಬ್ಬಕ್ಕೆ ಡಿಎನ್‌ಎ ಕಿಟ್ ಕೊಟ್ಟಿದ್ದರು. ತಮ್ಮನ್ನು ಬೆಳೆಸಿದ ತಂದೆ ತಮ್ಮ ಹೆತ್ತ ತಂದೆಯಲ್ಲ ಅಂತ ಫಲಿತಾಂಶ ಹೇಳಿತು. ಕೇಳಲು ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದರು, ಮಾತಾಡುವಷ್ಟು ಹೊತ್ತೂ ಜೇಬಿನ ಮೇಲೆ ಕೈ ಇತ್ತು. ಅವತ್ತಿನಿಂದ ನಾನು ಯಾರಿಗೂ ಸುಮ್ನೆ ಕುತೂಹಲಕ್ಕೆ ಮಾಡಿಸಿ ಅಂತ ಹೇಳುವುದಿಲ್ಲ. ಇಡೀ ಮನೆಯವರು ಕೂತು ಮಾತಾಡಿ, ಏನು ಬಂದರೂ ತಡೆದುಕೊಳ್ಳುತ್ತೇವೆ ಅಂತ ಅನಿಸಿದರೆ ಮಾತ್ರ ಮಾಡಿಸಿ. ಇನ್ನೊಂದು ಅಪಾಯ ಮಾಹಿತಿಯದು. 2023ರಲ್ಲಿ ಇಂಥ ಒಂದು ದೊಡ್ಡ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಕೈಗೆ ಸಿಕ್ಕಿತು. ಪಾಸ್‌ವರ್ಡ್ ಬದಲಿಸಬಹುದು, ಡಿಎನ್‌ಎ ಬದಲಿಸಲು ಆಗುವುದಿಲ್ಲ. ಮಗನದನ್ನಂತೂ ಮಾಡಿಸಬೇಡಿ. ದೊಡ್ಡವನಾದ ಮೇಲೆ ಅವನೇ ತೀರ್ಮಾನ ಮಾಡಲಿ.

ಮನೆತನದ ದಾರಿ ನಿಜಕ್ಕೂ ಬೇಕಿದ್ದರೆ ಕಾಗದಪತ್ರವೇ ಒಳ್ಳೆಯದು. ಇವತ್ತಿನಿಂದ ಹಿಂದಕ್ಕೆ, ಒಂದೊಂದೇ ಮೆಟ್ಟಿಲು. ಮೊದಲು ಮಾವನವರನ್ನು ಕೂರಿಸಿಕೊಂಡು ಅವರಿಗೆ ಗೊತ್ತಿರುವ ಹೆಸರು, ಊರು, ಕೆಲಸ ಬರೆದುಕೊಳ್ಳಿ. ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ 1837ರ ಜುಲೈನಿಂದ ಇದೆ. ಮನೆಯ ಎಲ್ಲರ ಹೆಸರು ಬರೆದ ಜನಗಣತಿ 1841ರಿಂದ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ, ಈಗ 1921ರವರೆಗೆ ನೋಡಬಹುದು. 1931ರದು ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. 1837ಕ್ಕೂ ಹಿಂದೆ ಹೋಗಬೇಕಾದರೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು. ಅವುಗಳನ್ನು ಇಡಬೇಕು ಅಂತ ಆಜ್ಞೆಯಾದದ್ದು 1538ರಲ್ಲಿ. 1813ರಿಂದ ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆಯ ಕೆಲಸ ಬರೆಯಲು ಒಂದು ಕಲಮೇ ಇದೆ. ನಿಮಗೆ ಬೇಕಾದದ್ದು ಅಲ್ಲೇ. ನಿಮ್ಮ ಭಾಗದ ಆ ಕಲಮಿನಲ್ಲಿ ನೇಕಾರ, ಬಟ್ಟೆ ವ್ಯಾಪಾರಿ ಅಂತ ಪುಟಗಟ್ಟಲೆ ಇರುತ್ತದೆ.

ಇದರಲ್ಲೂ ತೊಡಕಿದೆ. ನಾನು ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಗುಡ್ಡದ ಊರಿನ ಚರ್ಚಿನ ಪುಸ್ತಕದಲ್ಲಿ ಒಬ್ಬ ಜಾನ್ ವಾಕರ್ ಸಿಕ್ಕ. ತಂದೆ ವಿಲಿಯಂ, ವರ್ಷ ಸರಿ, ಊರು ಸರಿ. ಅವನನ್ನೇ ಹಿಡಿದು ಹಿಂದಕ್ಕೆ ಮೂರು ತಲೆಮಾರು ಹೋದೆ. ಆಮೇಲೆ ಸಮಾಧಿ ಪುಸ್ತಕ ತೆಗೆದೆ. ಆ ಜಾನ್ ಹದಿನಾಲ್ಕು ತಿಂಗಳಿಗೇ ತೀರಿಹೋಗಿದ್ದ. ಅದೇ ವರ್ಷ ಅದೇ ಚರ್ಚಿನಲ್ಲಿ ಇನ್ನೊಬ್ಬ ವಿಲಿಯಂನ ಮಗ ಜಾನ್ ವಾಕರ್ ಇದ್ದ, ನನಗೆ ಬೇಕಾಗಿದ್ದವನು ಅವನು. ಹಾಗಾಗಿ ಮಗು ಸಿಕ್ಕಿತು ಅಂತ ಖುಷಿಪಡುವ ಮೊದಲು ಅದು ಬದುಕಿ ಬೆಳೆಯಿತೇ ಅಂತ ನೋಡಿ. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ವಂಶವೃಕ್ಷಗಳಲ್ಲಿ ಇಂಥ ತಪ್ಪು ಒಬ್ಬರಿಂದ ಇನ್ನೊಬ್ಬರು ನಕಲು ಮಾಡಿ ಬೆಳೆದಿರುತ್ತದೆ.

ಇನ್ನೊಂದು: 1752ಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ನಮ್ಮ ಯುಗಾದಿಯ ಆಸುಪಾಸಿಗೆ. ಹಳೆಯ ಪುಸ್ತಕದಲ್ಲಿ ಏಪ್ರಿಲ್ 1700 ಆದ ಮೇಲೆ ಫೆಬ್ರವರಿ 1700 ಬರುತ್ತದೆ. ಗೊತ್ತಿಲ್ಲದಿದ್ದರೆ ಮದುವೆಗೆ ಮೊದಲೇ ಮಗು ಹುಟ್ಟಿದ ಹಾಗೆ ಕಾಣುತ್ತದೆ, ಮನೆಯಲ್ಲಿ ಮತ್ತೊಂದು ಜಗಳ.

ಇದಕ್ಕೆಲ್ಲ ವರ್ಷ ಹಿಡಿಯುತ್ತದೆ, ಮಗನ ಶಾಲೆ ಅಷ್ಟು ಕಾಯುವುದಿಲ್ಲ. ಅವನಿಗೆ ಈ ವಾರದ ಕೊನೆಗೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಗುಡ್ಡ ದಾಟಿ ಲ್ಯಾಂಕಷೈರಿನ ಹೆಲ್ಮ್‌ಶೋರ್‌ಗೆ ಹೋದರೆ 1789ರಲ್ಲಿ ಕಟ್ಟಿದ ಬಟ್ಟೆ ಬಡಿಯುವ ಗಿರಣಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ, ನೀರಿನ ಚಕ್ರ ಮತ್ತು ಕೊಡತಿಗಳ ಸಮೇತ. ತೆರೆದಿರುವ ದಿನ ಕೇಳಿಕೊಂಡು ಹೋಗಿ. ಹೋಗಲು ಆಗದಿದ್ದರೆ ಮನೆಯಲ್ಲೇ ಮಾಡಿ. ಬೇಡವಾದ ಒಂದು ಹಳೆಯ ಉಣ್ಣೆ ಸ್ವೆಟರ್ ಹುಡುಕಿ. ಶುದ್ಧ ಉಣ್ಣೆಯದೇ ಆಗಿರಬೇಕು. ಮೆಷಿನ್ನಿಗೆ ಹಾಕಬಹುದು ಅಂತ ಚೀಟಿಯಲ್ಲಿ ಬರೆದಿದ್ದರೆ ಅದು ನಡೆಯುವುದಿಲ್ಲ, ಅದರ ಹುರುಪೆಗಳನ್ನು ಮೊದಲೇ ಸವರಿ ತೆಗೆದಿರುತ್ತಾರೆ. ಅದರಿಂದ ಚೌಕವಾಗಿ ಒಂದು ತುಂಡು ಕತ್ತರಿಸಿ, ಉದ್ದ ಅಗಲ ಅಳೆದು ಬರೆದಿಡಲಿ. ಲ್ಯಾಂಟ್ ಬೇಡ, ಪಾತ್ರೆ ತೊಳೆಯುವ ಸೋಪು ಸಾಕು. ಸ್ನಾನದ ತೊಟ್ಟಿಯಲ್ಲಿ ಪಾದ ಮುಳುಗುವಷ್ಟು ಬೆಚ್ಚಗಿನ ನೀರು ಹಾಕಿ, ಕಾಲು ಸುಡಬಾರದು. ಜಾರದ ಹಾಗೆ ಕೆಳಗೆ ರಬ್ಬರ್ ಚಾಪೆ ಇರಲಿ. ಅರ್ಧ ಗಂಟೆ ತುಳಿಯಲಿ, ನಡುನಡುವೆ ಮಗುಚಿ ಹಾಕಲಿ. ಬೇಸರವಾದರೆ ಹಾಡು ಹೇಳಿಕೊಳ್ಳಲಿ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳ ಹೆಂಗಸರು ಬಟ್ಟೆಯನ್ನು ಮೇಜಿನ ಮೇಲೆ ಬಡಿದು ಹದ ಮಾಡುವಾಗ ಹಾಡಿಕೊಳ್ಳಲಿಕ್ಕೆಂದೇ ಬೇರೆ ಹಾಡುಗಳಿದ್ದವು. ಇವನು ಬೇಕಾದರೆ ನೀವು ಕಲಿಸಿದ ಕನ್ನಡದ್ದೇ ಹಾಡಲಿ. ತುಳಿದಾದ ಮೇಲೆ ತುಂಡನ್ನು ಹಿಂಡಿ, ಮಾವನವರ ಕೈಗೆ ಅಳತೆ ಟೇಪು ಕೊಡಿ. ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ ಅವರೇ ಓದಿ ಹೇಳಲಿ, ಮಗ ಬರೆದುಕೊಳ್ಳಲಿ.